ನೆತ್ತಿ ದಾಟಿ ಬಂದ ಕುರಿ

ಮಗಳ ಮನೆಗೆ ಹೋಗುವುದಕ್ಕೆ ಲ್ಯಾಂಟಿ ಥೆಕ್ಸ್‌ಟನ್‌ಗೆ ಒಂದು ಕುರಿ ಬೇಕಾಗಿತ್ತು. ತನ್ನದಲ್ಲ, ಅವಳ ಮನೆಯ ಕುರಿ. ಅದು ಬೆಟ್ಟದ ನೆತ್ತಿ ದಾಟಿ ಇವನ ಹುಲ್ಲಿಗೆ ಬರಬೇಕು, ಇವನು ಅದನ್ನು ಹಿಡಿದು ಒಪ್ಪಿಸಲು ಹೋಗಬೇಕು. ಬೇರೆ ರೀತಿಯಲ್ಲಿ ಹೋಗುವುದು ಅವನಿಗೆ ಗೊತ್ತಿರಲಿಲ್ಲ. ಅಂಥ ಒಂದು ಕುರಿಗಾಗಿ ಅವನು ಏಳು ವರ್ಷ ಕಾದ.

ಇದು ಮೊದಲ ಮಹಾಯುದ್ಧಕ್ಕೂ ಮುಂಚಿನ ಮಾತು. ನನ್ನ ಅಜ್ಜಿಯ ಮನೆಗೂ ಲ್ಯಾಂಟಿಯ ಥಾರ್ನ್‌ಬೀಲ್ಡ್ ಮನೆಗೂ ನಡುವೆ ಇದ್ದದ್ದು ಒಂದು ಕಲ್ಲುಗೋಡೆ ಮಾತ್ರ. ಇಲ್ಲಿರುವುದರಲ್ಲಿ ಹೆಚ್ಚಿನದು ಲ್ಯಾಂಟಿ ತೀರಾ ಮುದುಕನಾದ ಮೇಲೆ ಅಜ್ಜಿಯ ಅಡುಗೆಮನೆಯಲ್ಲಿ ಕೂತು ಹೇಳಿದ್ದು. ಉಳಿದದ್ದನ್ನು ಹೇಳಿದವಳು ಅವನ ಅಕ್ಕ ಡೈನಾ. ಅವಳು ಮದುವೆಯಾಗದೆ ಅವನ ಮನೆಯಲ್ಲೇ ಉಳಿದಿದ್ದಳು. ಲ್ಯಾಂಟಿಯ ಹೆಂಡತಿ ತೀರಿಕೊಂಡ ಮೇಲೆ ಮಗಳು ಜೆನೆಟ್‌ಳನ್ನು ಸಾಕಿದ್ದೂ ಅವಳೇ.

ನಮ್ಮ ಕಣಿವೆಗಳಲ್ಲಿ ಗೋಡೆಗಳು ಬೆಟ್ಟದ ಸೊಂಟದವರೆಗೆ ಮಾತ್ರ ಹತ್ತುತ್ತವೆ. ಅದರಾಚೆಗೆ ಬೇಲಿಯಿಲ್ಲ, ಗಡಿಕಲ್ಲಿಲ್ಲ. ಆದರೂ ಪ್ರತಿ ಮನೆಯ ಮಂದೆಗೂ ತನ್ನ ನೆಲ ಯಾವುದೆಂದು ಗೊತ್ತು. ಮರಿ ತಾಯಿಯ ಹಿಂದೆ ತಿರುಗಿ ಅದನ್ನು ಕಲಿಯುತ್ತದೆ, ಮುಂದೆ ತನ್ನ ಮರಿಗೆ ಕಲಿಸುತ್ತದೆ. ಹಾಗಿದ್ದೂ ಒಂದೆರಡು ದಾರಿ ತಪ್ಪಿ ಪಕ್ಕದವರ ನೆಲಕ್ಕೆ ಹೋಗುವುದುಂಟು. ಹಾಗೆ ಬಂದದ್ದನ್ನು ಕಿವಿಯ ಗುರುತು ನೋಡಿ ಇಟ್ಟುಕೊಂಡು, ನವೆಂಬರ್‌ನಲ್ಲಿ ಟಗರು ಬಿಡುವ ಮುಂಚೆ ನಡೆಯುವ ಕುರಿಗಾಹಿಗಳ ಕೂಟಕ್ಕೆ ತಂದು ಒಡೆಯನಿಗೆ ಒಪ್ಪಿಸಬೇಕು. ಕೂಟಕ್ಕೆ ಬರುವವರು ಗಂಡಸರು ಮಾತ್ರ. ಕೂಟಕ್ಕೆ ಮುಂಚೆಯೇ ಯಾರಾದರೂ ತಪ್ಪಿದ ಕುರಿಯನ್ನು ಒಡೆಯನ ಬಾಗಿಲಿಗೇ ಹೊಡೆದುಕೊಂಡು ಹೋದರೆ ಅದು ದೂರು ಎಂದೇ ಲೆಕ್ಕ.

ಥಾರ್ನ್‌ಬೀಲ್ಡಿನ ಹುಲ್ಲು ಗ್ರೇ ನ್ಯಾಬ್ ಬೆಟ್ಟದ ನೆತ್ತಿಯವರೆಗೆ. ನೆತ್ತಿಯ ಆಚೆ ಇಳಿಜಾರು ಮಿಕಲ್‌ರಿಗ್‌ನ ಗಾರ್ನೆಟ್ ಮನೆತನದ್ದು. ಒಂದು ವಸಂತದಲ್ಲಿ ಲ್ಯಾಂಟಿಯ ಗಬ್ಬದ ಕುರಿಗಳು ಕೆಲವು ನೆತ್ತಿಯ ಕೆಳಗಿನ ಕೊರಕಲಿಗೆ ಬಿದ್ದು ಸತ್ತಿದ್ದವು. ಮುದುಕ ಗಾರ್ನೆಟ್ ನಾಯಿ ಛೂ ಬಿಟ್ಟು ಅಟ್ಟಿದ ಎಂದು ಲ್ಯಾಂಟಿ ಹೇಳಿದ. ಹಿಮದಲ್ಲಿ ಜಾರಿ ಬಿದ್ದಿವೆ ಎಂದು ಗಾರ್ನೆಟ್ ಹೇಳಿದ. ಕಂಡವರು ಯಾರೂ ಇರಲಿಲ್ಲ. ನಮ್ಮ ಕಡೆ ಒಬ್ಬನ ಮೇಲೆ ಹೊರಿಸಬಹುದಾದ ಅಪವಾದಗಳಲ್ಲಿ ಇದಕ್ಕಿಂತ ಕೆಟ್ಟದ್ದಿಲ್ಲ. ಎರಡು ಮನೆಗಳ ನಡುವೆ ಮಾತು ನಿಂತಿತು. ಅದಾಗಿ ವರ್ಷ ತುಂಬುವುದರೊಳಗೆ ಜೆನೆಟ್ ತಾನು ಗಾರ್ನೆಟ್‌ನ ಮಗ ರೋಲಂಡ್‌ನನ್ನು ಮದುವೆಯಾಗುವುದಾಗಿ ಹೇಳಿದಳು.

ಆ ದಿನ ಅಡುಗೆಮನೆಯಲ್ಲಿ ಡೈನಾ ಇದ್ದಳು. ಲ್ಯಾಂಟಿ ಬೂಟು ಬಿಚ್ಚುತ್ತಿದ್ದವನು ಒಂದು ಕಾಲಲ್ಲಿ ಬೂಟು ಇರುವಾಗಲೇ ಎದ್ದು ನಿಂತನಂತೆ.

"ಆ ಮನೇದು ಒಂದು ಗೊರಸು ಕೂಡ ನನ್ನ ಕಡೆ ಹುಲ್ಲು ಮುಟ್ಟಬಾರ್ದು, ಕೇಳಿಸ್ತಾ? ನೀನು ಹೋದ್ರೆ ನೀನೂ ಆ ಮನೆಯೋಳೇ."

"ಆಯ್ತಪ್ಪ," ಎಂದಳು ಜೆನೆಟ್. "ಮುಟ್ಟಲ್ಲ."

ಅಷ್ಟು ಮೆತ್ತಗೆ ಹೇಳಿದ್ದನ್ನು ಕೇಳಿ ಅವಳು ಮನಸ್ಸು ಬದಲಿಸಿದಳು ಎಂದೇ ಲ್ಯಾಂಟಿ ತಿಳಿದ. ಮರುದಿನ ಅವಳು ತಾಯಿಯ ಶಾಲು ಹೊದ್ದು ಬೆಟ್ಟದ ದಾರಿಯಲ್ಲೇ ನಡೆದು ಹೋದಳು.

ಲ್ಯಾಂಟಿಯ ಸಿಟ್ಟು ಎರಡು ಚಳಿಗಾಲ ಬಾಳಿತು. ಮೂರನೆಯದರಲ್ಲಿ ಅದು ಇರಲಿಲ್ಲ. ಅದು ಹೋದ ಜಾಗದಲ್ಲಿ ಏನಿತ್ತೋ ಅದಕ್ಕೆ ಅವನ ಬಳಿ ಹೆಸರಿರಲಿಲ್ಲ. ಊಟಕ್ಕೆ ಕೂತಾಗ ಖಾಲಿ ಕುರ್ಚಿಯ ಕಡೆ ನೋಡದೆ ಇರುವುದಕ್ಕೆ ಅವನು ಕುರ್ಚಿಯನ್ನೇ ಕೊಟ್ಟಿಗೆಗೆ ಸಾಗಿಸಿದ. ಡೈನಾ ಅದನ್ನು ಮತ್ತೆ ಒಳಗೆ ತಂದಿಟ್ಟಳು.

"ಹೋಗಿ ನೋಡ್ಕೊಂಡು ಬಾರೋ. ಕಾಲು ಬಿದ್ದೋಗಿದ್ಯಾ?"

"ಏನಂತ ಹೋಗ್ಲಿ ಅಕ್ಕ?"

"ಅಪ್ಪ ಅಂತ ಹೋಗು."

"ಕೆಲ್ಸ ಇಲ್ದೆ ಒಬ್ರ ಬಾಗಿಲಿಗೆ ಹೋಗಿ ನಿಂತ್ಕೊಳ್ಳೋದು ಹೇಗೆ?"

ಇದು ಅವನೊಬ್ಬನ ಹಟವಲ್ಲ. ನಮ್ಮ ಕಣಿವೆಯ ಗಂಡಸರು ಕಾರಣವಿಲ್ಲದೆ ಯಾರ ಅಂಗಳಕ್ಕೂ ಕಾಲಿಡುವುದಿಲ್ಲ. ಹುಟ್ಟಿದ ಮೊಮ್ಮಗುವನ್ನು ನೋಡಲು ಹೋಗುವವನು ಎಂದೋ ತಂದ ಹಗ್ಗ ಹಿಂದಿರುಗಿಸುವ ನೆಪ ಹಿಡಿದು ಹೋಗುತ್ತಾನೆ; ಬಾಗಿಲಲ್ಲಿ ಹಗ್ಗದ ಬಗ್ಗೆ ಒಂದು ಗಳಿಗೆ ಮಾತಾಡಿ, ಆಮೇಲೆ, ಅಲ್ಲೇ ಇದೆಯಲ್ಲ ಎಂಬಂತೆ, ತೊಟ್ಟಿಲ ಕಡೆ ನೋಡುತ್ತಾನೆ. ಲ್ಯಾಂಟಿ ಮತ್ತು ಗಾರ್ನೆಟ್‌ಗಳ ನಡುವೆ ತಂದ ಹಗ್ಗವೂ ಇರಲಿಲ್ಲ, ಕೊಟ್ಟ ಗುದ್ದಲಿಯೂ ಇರಲಿಲ್ಲ. ಇದ್ದದ್ದು ಬೆಟ್ಟ ಒಂದೇ. ಆದ್ದರಿಂದ ಅವನು ಮಿಕಲ್‌ರಿಗ್‌ನ ಒಂದು ಕುರಿ ದಾರಿ ತಪ್ಪಲಿ ಎಂದು ಕಾಯತೊಡಗಿದ.

ಪ್ರತಿ ಶರತ್ಕಾಲದಲ್ಲಿ ಮಂದೆಯನ್ನು ಕೆಳಗಿಳಿಸುವಾಗ ಅವನ ನೆಲದಲ್ಲಿ ಸುತ್ತಮುತ್ತಲ ಎಲ್ಲ ಮನೆಗಳ ಕುರಿಗಳೂ ಸಿಗುತ್ತಿದ್ದವು. ಮಿಕಲ್‌ರಿಗ್‌ನದು ಮಾತ್ರ ಒಂದೂ ಇಲ್ಲ. ಒಂದು ವರ್ಷವಲ್ಲ, ಎರಡು ವರ್ಷವಲ್ಲ. ಒಮ್ಮೆ ಕೂಟದಲ್ಲಿ ಧೈರ್ಯ ಮಾಡಿ ಅಳಿಯನ ಪಕ್ಕಕ್ಕೆ ಹೋಗಿ ನಿಂತ. ಅಷ್ಟು ಹೊತ್ತಿಗೆ ಮುದುಕ ಗಾರ್ನೆಟ್ ಸತ್ತು ರೋಲಂಡನೇ ಮನೆಯ ಯಜಮಾನನಾಗಿದ್ದ.

"ನಿಮ್ಮ ಕುರಿ ಈ ಕಡೆ ಬರೋದೇ ಇಲ್ವಲ್ಲ," ಎಂದ ಲ್ಯಾಂಟಿ.

ಅವನ ಮಟ್ಟಿಗೆ ಅದು ಮಗಳನ್ನು ತವರಿಗೆ ಕರೆದಷ್ಟು ದೊಡ್ಡ ಮಾತು. ರೋಲಂಡ್ ಕೆಂಪಗಾದ.

"ಬರಲ್ಲ. ಬರದ ಹಾಗೆ ನೋಡ್ಕೋತೀವಿ," ಎಂದು ಅತ್ತ ತಿರುಗಿದ.

ಅವನು ಕಾಯತೊಡಗಿದ ಏಳನೆಯ ವರ್ಷದ ಅಕ್ಟೋಬರ್‌ನಲ್ಲಿ ಅದು ಬಂತು. ಎಡಗಿವಿಯ ತುದಿ ಕತ್ತರಿಸಿದ, ಬಲಗಿವಿಯ ಕೆಳಗೊಂದು ಸೀಳಿರುವ, ಸೊಂಟದ ಮೇಲೆ ನೀಲಿ ಪಟ್ಟೆ ಬಳಿದ ಕುರಿ. ದೊಡ್ಡಿಯಲ್ಲಿ ಅದನ್ನು ಕಂಡಾಗ ಲ್ಯಾಂಟಿ ಮೊದಲು ಕಿವಿಗಳನ್ನು ಬೆರಳಲ್ಲಿ ಸವರಿ ನೋಡಿದ, ಕಣ್ಣನ್ನು ನಂಬದವನ ಹಾಗೆ. ಆಮೇಲೆ ಗೋಡೆಯ ಮೇಲೆ ಕೂತುಬಿಟ್ಟ. ಡೈನಾ ಬಕೆಟ್ ಹಿಡಿದು ಬಂದವಳು ನಿಂತಳು.

"ಏನೋ ಹಲ್ಲು ಬಿಡ್ತಿದ್ದೀಯ, ಕುರಿ ಜೋಕ್ ಹೇಳ್ತಾ?"

"ಮಿಕಲ್‌ರಿಗ್‌ದು ಅಕ್ಕ."

ಡೈನಾ ಬಕೆಟ್ ಕೆಳಗಿಟ್ಟು ಕುರಿಯನ್ನು ನೋಡಿದಳು. ಒಂದು ಕಾಲು ಕುಂಟುತ್ತಿತ್ತು, ಬೆನ್ನುಮೂಳೆ ಕೈಗೆ ಚುಚ್ಚುತ್ತಿತ್ತು.

"ಸರಿ, ನಾಳೇನೇ ಹೊರಡು. ಕೂಟಕ್ಕೆ ಅಂತ ಕಾಯ್ಬೇಡ, ಅಲ್ಲಿ ಅವಳಿರಲ್ಲ."

"ಕೂಟಕ್ಕಲ್ಲ, ಮನೆಗೇ ಹೋಗ್ತೀನಿ. ಆದ್ರೆ ಈ ಸ್ಥಿತೀಲಿ ಹೇಗೆ ಒಯ್ಯಲಿ? ಅಪ್ಪ ನಮ್ಮ ಕುರೀನ ಉಪವಾಸ ಕೆಡವಿದ ಅಂತಾಳೆ."

"ಅವಳು ಕುರಿ ಬೆನ್ನು ನೋಡ್ತಾಳಾ, ನಿನ್ನ ಮುಖ ನೋಡ್ತಾಳಾ? ಬುದ್ಧಿ ಇಲ್ಲದೋನೆ!"

ಅವನು ಕೇಳಲಿಲ್ಲ. ಕುರಿಯನ್ನು ಮನೆಯ ಪಕ್ಕದ ಹುಲ್ಲುಗಾವಲಿಗೆ ಬಿಟ್ಟ. ಕೊಳೆತ ಗೊರಸನ್ನು ಚಾಕುವಿನಲ್ಲಿ ಕೆತ್ತಿ ಮದ್ದು ಹಚ್ಚಿದ. ಬೆಳಿಗ್ಗೆ ಸಂಜೆ ಓಟ್ಸ್ ಹಾಕಿದ, ತನ್ನ ಸ್ವಂತ ಮಂದೆಗೆ ಎಂದೂ ಹಾಕದಷ್ಟು. ತುಪ್ಪಟಕ್ಕೆ ಸಿಕ್ಕಿಕೊಂಡಿದ್ದ ಮುಳ್ಳುಗಳನ್ನು ಒಂದೊಂದಾಗಿ ಬಿಡಿಸಿದ. ವಾರ ಕಳೆಯಿತು, ಇನ್ನೊಂದು ವಾರ ಕಳೆಯಿತು. ಕುರಿ ದುಂಡಗಾಯಿತು. ಸಾಕು ಎಂದು ಡೈನಾ ದಿನವೂ ಹೇಳಿದಳು. ಇನ್ನೆರಡು ದಿನ ಎಂದು ಅವನು ದಿನವೂ ಹೇಳಿದ. ಕುರಿಯ ಬೆನ್ನು ಒಂದೇ ಕಾರಣವಾಗಿರಲಿಲ್ಲವೇನೋ. ಏಳು ವರ್ಷ ಕಾದದ್ದು ಕೈಗೆ ಬಂದಾಗ ಅವನಿಗೆ ಹೆದರಿಕೆಯಾಗಿತ್ತು.

ಹೊರಟ ಬೆಳಿಗ್ಗೆ ಇಬ್ಬನಿ ಗಟ್ಟಿಯಾಗಿ ಬಿದ್ದಿತ್ತು. ಜೇಬಿನಲ್ಲಿ ಓಟ್ ರೊಟ್ಟಿ, ಚೀಸ್ ತುಂಡು. ಹಿಂದೆ ನೆಲ್ ಎಂಬ ನಾಯಿ. ಡೈನಾ ಒಂದು ಜಾಡಿಯಲ್ಲಿ ಬೆಣ್ಣೆಗೆ ಸಕ್ಕರೆ, ರಮ್ ಬೆರೆಸಿ ತುಂಬಿ ಬಟ್ಟೆ ಕಟ್ಟಿ ಕೊಟ್ಟಳು. ಅದು ಜೆನೆಟ್‌ಗೆ ಚಿಕ್ಕಂದಿನಿಂದ ಇಷ್ಟ.

ಮೇಲಿನ ಗೋಡೆಯ ಗೇಟಿನ ಬಳಿ ನೆರೆಯ ಸೈಮನ್ ಬರೋ ಬಿದ್ದ ಕಲ್ಲುಗಳನ್ನು ಮತ್ತೆ ಜೋಡಿಸುತ್ತಿದ್ದ. ಕುರಿಯ ಗುರುತನ್ನು ದೂರದಿಂದಲೇ ಓದಿಬಿಟ್ಟ.

"ಏನಪ್ಪಾ ಲ್ಯಾಂಟಿ, ಕೂಟಕ್ಕೆ ಇನ್ನೂ ಟೈಮಿದೆ. ಕ್ಯಾಲೆಂಡರ್ ಕಳ್ಕೊಂಡ್ಯಾ?"

"ಮನೆಗೇ ಮುಟ್ಟಿಸ್ತೀನಿ."

ಸೈಮನ್ ಕೈಯಲ್ಲಿದ್ದ ಕಲ್ಲನ್ನು ಇಡದೆ ನಿಂತ. "ಹುಷಾರು ಮಾರಾಯ. ಬಾಗಿಲಿಗೆ ಹೊಡ್ಕೊಂಡು ಹೋದ್ರೆ ಜಗಳ ತೆಗೆಯೋಕೆ ಬಂದ ಅಂದ್ಕೋತಾರೆ. ಮುಚ್ಚಿದ ಗಾಯ ಯಾಕೆ ಕೆದಕ್ತೀಯ?"

"ಮುಚ್ಚಿದ್ರೆ ತಾನೆ," ಎಂದು ಹೇಳಿ ಲ್ಯಾಂಟಿ ಗೇಟು ದಾಟಿದ.

ಗೋಡೆ ದಾಟಿದ ಮೇಲೆ ಮನುಷ್ಯರದ್ದು ಎನ್ನುವಂಥದ್ದು ಏನೂ ಇರುವುದಿಲ್ಲ. ಮೊದಲು ಜರಿಗಿಡದ ಇಳಿಜಾರು. ಆ ಕಾಲಕ್ಕೆ ಅದು ತುಕ್ಕಿನ ಬಣ್ಣಕ್ಕೆ ತಿರುಗಿ ಮಂಡಿಯವರೆಗೆ ಮುರಿದು ಬಿದ್ದಿತ್ತು. ಅದರ ಮೇಲೆ ಹೂವುದುರಿದ ಹೆದರ್ ಪೊದೆಗಳ ಬಯಲು, ಕಣ್ಣು ಹೋದಷ್ಟು ದೂರ ಕಂದು. ಅದರ ನಡುವೆ ಕಪ್ಪು ಮಣ್ಣಿನ ಜೌಗು. ಕಾಲಿಡುವ ಮುಂಚೆ ಹುಲ್ಲಿನ ಬಣ್ಣ ನೋಡಬೇಕು. ಎಳೆ ಹಸಿರು ಕಂಡಲ್ಲಿ ಇಟ್ಟರೆ ತೊಡೆಯವರೆಗೆ ಇಳಿಯುತ್ತದೆ. ಲ್ಯಾಂಟಿಗೆ ಅಲ್ಲಿಯ ಒಂದೊಂದು ಹಳ್ಳವೂ ಗೊತ್ತು. ಆದರೆ ನೆತ್ತಿಯ ಕಡೆಗೆ ಇಷ್ಟು ನೇರವಾಗಿ ಅವನು ನಡೆದು ವರ್ಷಗಳಾಗಿದ್ದವು. ಆ ಕೊರಕಲಿನಲ್ಲಿ ಕುರಿಗಳು ಸತ್ತ ಮೇಲೆ ಅವನು ಮಂದೆಯನ್ನು ಕೆಳಗೇ ಮೇಯಿಸುತ್ತಿದ್ದ. ನೆತ್ತಿಯ ಹತ್ತಿರ ತಪ್ಪಿಸಿಕೊಂಡದ್ದನ್ನು ತರಲು ನಾಯಿಯನ್ನು ಕಳಿಸುತ್ತಿದ್ದ, ತಾನು ಹತ್ತುತ್ತಿರಲಿಲ್ಲ.

ನಡೆಯುತ್ತಾ ಅವನು ಹೇಳಬೇಕಾದ ಮಾತನ್ನು ಗಟ್ಟಿ ಮಾಡಿಕೊಂಡ. ಕೇಳಿಸಿಕೊಳ್ಳಲು ಕುರಿಯಿತ್ತು.

"ನಿಮ್ಮ ಕುರಿ ನಮ್ಮ ಕಡೆ ಬಂದಿತ್ತು. ಹಾಗೇ ಈ ಕಡೆ ಕೆಲ್ಸ ಇತ್ತು, ಅದಕ್ಕೆ ತಂದೆ."

ಅದು ಸರಿಯಾಗಲಿಲ್ಲ. ಈ ಕಡೆ ಅವನಿಗೇನು ಕೆಲಸ?

"ದೂರು ಹೇಳೋಕೆ ಬಂದಿದ್ದಲ್ಲ. ಕುರಿ ಒಳ್ಳೇದು. ಹುಲ್ಲೇನೂ ಹಾಳು ಮಾಡಿಲ್ಲ."

ಇದನ್ನು ಕೇಳಿದರೆ ದೂರಿನಂತೆಯೇ ಇದೆ. ಕುರಿ ನಿಂತು ಒಂದು ಬಾಯಿ ಹುಲ್ಲು ಕಿತ್ತಿತು.

"ನೀನಾದ್ರೂ ಹೇಳೇ," ಎಂದ ಅದಕ್ಕೆ. "ಅವಳನ್ನ ನೋಡಿ ಎಷ್ಟು ದಿನ ಆಯ್ತು ನೀನು? ದಪ್ಪ ಆಗಿದ್ದಾಳಾ? ತಲೆ ಕೂದ್ಲು ಇನ್ನೂ ಹಾಗೇ ಗಂಟು ಕಟ್ತಾಳಾ, ಒಂದ್ಕಡೆ ಜಾರೋ ಹಾಗೆ?"

ಕೊನೆಗೆ ಅವನು ಒಂದೇ ಮಾತಿಗೆ ಬಂದು ನಿಂತ: "ಕುರಿ ತಂದಿದ್ದೀನಿ, ಜೆನೆಟ್." ಅಷ್ಟು ಸಾಕು. ಆಮೇಲಿನದನ್ನು ಅವಳೇ ಹೇಳುತ್ತಾಳೆ. ಚಿಕ್ಕಂದಿನಲ್ಲೂ ಮಾತು ಶುರು ಮಾಡುತ್ತಿದ್ದವಳು ಅವಳೇ. ಅವನು ಆ ಮೂರು ಪದಗಳನ್ನು ಜೌಗಿನುದ್ದಕ್ಕೂ ಮತ್ತೆ ಮತ್ತೆ ಹೇಳಿಕೊಂಡ. ಒಮ್ಮೆ ಗಟ್ಟಿಯಾಗಿ, ಒಮ್ಮೆ ಮೆತ್ತಗೆ, ಒಮ್ಮೆ ಕೆಮ್ಮಿ. ಯಾರೂ ಇಲ್ಲದ ಬಯಲಿನಲ್ಲಿ ತನ್ನ ದನಿ ತನಗೇ ಬೇರೆಯವರದರಂತೆ ಕೇಳಿಸಿತು ಎಂದು ಅಜ್ಜಿಗೆ ಹೇಳಿದ್ದ.

ಮಧ್ಯಾಹ್ನದ ಹೊತ್ತಿಗೆ ನೆತ್ತಿ ಬಂತು, ಜೊತೆಗೆ ಮಂಜೂ ಇಳಿಯಿತು. ಅಲ್ಲಿ ಅವನಿಗೊಂದು ಆಶ್ಚರ್ಯ ಕಾದಿತ್ತು. ನೆತ್ತಿಯ ಉದ್ದಕ್ಕೂ, ಈ ಇಳಿಜಾರಿಗೂ ಆ ಇಳಿಜಾರಿಗೂ ನಡುವೆ, ಒಂದು ಕಾಲುದಾರಿ ಬಿದ್ದಿತ್ತು. ಕುರಿಗಳದ್ದಲ್ಲ, ಕುರಿಯ ದಾರಿ ಸುತ್ತಿ ಬಳಸಿ ಹೋಗುತ್ತದೆ. ಇದು ನೂಲು ಹಿಡಿದಂತೆ ನೇರ ಇತ್ತು, ಹುಲ್ಲು ಸತ್ತು ಮಣ್ಣು ಗಟ್ಟಿಯಾಗುವಷ್ಟು ತುಳಿದದ್ದು. ಒಂದು ತುದಿಯಲ್ಲಿ ಗಾಳಿಗೆ ಅಡ್ಡವಾಗಿ ಮೊಣಕಾಲೆತ್ತರದ ಕಲ್ಲು ಜೋಡಿಸಿ ಕೂರುವ ಜಾಗವನ್ನೂ ಮಾಡಿದ್ದರು. ಬೇಲಿಯಿಲ್ಲದ ಗಡಿಯನ್ನು ಒಬ್ಬ ಮನುಷ್ಯ ತನ್ನ ಕಾಲಲ್ಲೇ ಕಾದಿದ್ದಾನೆ. ರೋಲಂಡ್ ಗಾರ್ನೆಟ್ ಒಳ್ಳೆ ಕುರಿಗಾಹಿ, ಒಪ್ಪಬೇಕು ಎಂದುಕೊಂಡ ಲ್ಯಾಂಟಿ. ಮಗಳನ್ನು ಚೆನ್ನಾಗಿಯೇ ನೋಡಿಕೊಂಡಿರಬೇಕು. ಒಂದು ವಿಷಯ ಮಾತ್ರ ಅವನು ಗಮನಿಸಿದರೂ ಯೋಚಿಸಲಿಲ್ಲ. ದಾರಿಯ ಅಂಚಿನಲ್ಲಿ ಹೊಸ ಹುಲ್ಲಿನ ಮೊಳಕೆಗಳು ಎದ್ದಿದ್ದವು. ಕೆಲವು ವಾರಗಳಿಂದ ಅಲ್ಲಿ ಯಾರೂ ನಡೆದಿರಲಿಲ್ಲ.

ಅಲ್ಲಿಂದ ಮುಂದೆ ಅವನಿಗೆ ದಾರಿ ಗೊತ್ತಿರಲಿಲ್ಲ. ಮಂಜಿನಲ್ಲಿ ಹತ್ತು ಹೆಜ್ಜೆಯಾಚೆಗೆ ಏನೂ ಕಾಣುತ್ತಿರಲಿಲ್ಲ. ಆದರೆ ಕುರಿ ಬದಲಾಗಿತ್ತು. ಬೆಳಿಗ್ಗೆಯಿಂದ ನಾಯಿಯ ಒತ್ತಾಯಕ್ಕೆ ನಡೆಯುತ್ತಿದ್ದದ್ದು ಈಗ ತಲೆಯೆತ್ತಿ, ಮೂಗರಳಿಸಿ ಮುಂದೆ ಮುಂದೆ ಹೋಯಿತು. ತನ್ನ ನೆಲ ಅದರ ಕಾಲಿಗೆ ತಿಳಿದಿತ್ತು. ಲ್ಯಾಂಟಿ ನಾಯಿಯನ್ನು ಹಿಂದಕ್ಕೆ ಕರೆದು, ಸೊಂಟದ ಆ ನೀಲಿ ಪಟ್ಟೆಯನ್ನೇ ನೋಡುತ್ತಾ ಇಳಿದ. ಕೊರಕಲುಗಳನ್ನು ಬಳಸಿ, ತೊರೆಯ ಆಳವಿಲ್ಲದ ಜಾಗ ಹುಡುಕಿ ದಾಟಿಸಿ, ಅದು ಅವನನ್ನು ಮಗಳ ಮನೆಯ ಗೇಟಿಗೆ ತಂದು ನಿಲ್ಲಿಸಿತು.

ಹೊಗೆ ಏಳುತ್ತಿತ್ತು. ಕಿಟಕಿಗಳ ಪರದೆ ಎಳೆದಿತ್ತು. ಹೊತ್ತು ಇಳಿಯುತ್ತಿದೆಯಲ್ಲ, ಅದಕ್ಕೆ ಎಂದುಕೊಂಡ. ಟೋಪಿ ತೆಗೆದು ಕೂದಲು ಒತ್ತಿಕೊಂಡ. ಕುರಿಯ ತುಪ್ಪಟಕ್ಕೆ ಅಂಟಿದ ಒಂದು ಜರಿ ಎಲೆಯನ್ನು ತೆಗೆದುಹಾಕಿದ. "ಕುರಿ ತಂದಿದ್ದೀನಿ, ಜೆನೆಟ್," ಎಂದು ಇನ್ನೊಮ್ಮೆ ಬಾಯೊಳಗೇ ಹೇಳಿಕೊಂಡು ಗೇಟು ತೆಗೆದ.

ಬಾಗಿಲಿಗೆ ಬಂದವನು ರೋಲಂಡ್. ಚರ್ಚಿಗೆ ಹಾಕುವ ಕಪ್ಪು ಕೋಟು ತೊಟ್ಟಿದ್ದ, ಗಡ್ಡ ಬೋಳಿಸಿರಲಿಲ್ಲ. ಮಾವನನ್ನು ನೋಡಿದ, ಕುರಿಯನ್ನು ನೋಡಿದ.

"ಕಾಗದ ಇಷ್ಟು ಬೇಗ ಸಿಕ್ತಾ?" ಎಂದ.

"ಯಾವ ಕಾಗದ? ನಾನು... ಕುರಿ ತಂದೆ. ನಮ್ಮ ಕಡೆ ಬಂದಿತ್ತು."

ರೋಲಂಡ್ ಕುರಿಯ ಕಡೆ ಇನ್ನೊಮ್ಮೆ ನೋಡಿದ. ಆಮೇಲೆ ಬಾಗಿಲಿಂದ ಪಕ್ಕಕ್ಕೆ ಸರಿದ. ಒಳಗೆ ಉದ್ದನೆ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿತ್ತು. ಅದರ ಮೇಲೆ ಚಿಕ್ಕ ಚಿಕ್ಕ ದುಂಡು ರೊಟ್ಟಿಗಳು, ಒಂದೊಂದನ್ನೂ ಬಿಳಿ ಕಾಗದದಲ್ಲಿ ಸುತ್ತಿ ಕಪ್ಪು ದಾರ ಕಟ್ಟಿದ್ದು, ಕೊಟ್ಟು ಉಳಿದವು ಕೆಲವು ಸಾಲಾಗಿ ಇದ್ದವು. ಮಣ್ಣಿಗೆ ಬಂದವರ ಕೈಗೆ ಮನೆಗೆ ಒಯ್ಯಲು ಕೊಡುವ ರೊಟ್ಟಿ. ನಮ್ಮ ಕಡೆ ಯಾರಿಗೂ ಅದನ್ನು ವಿವರಿಸಿ ಹೇಳಬೇಕಾಗಿಲ್ಲ.

ಲ್ಯಾಂಟಿ ಹೊಸ್ತಿಲಲ್ಲಿ ನಿಂತೇ ಇದ್ದ. "ಯಾರು?" ಎಂದು ಕೇಳಿದ. ಮನೆಯಲ್ಲಿ ಇದ್ದವರು ಇಬ್ಬರೇ ಎಂದು ಅವನಿಗೆ ಗೊತ್ತಿತ್ತು.

"ನಿನ್ನೆ ಮಣ್ಣು ಮಾಡಿದ್ವಿ," ಎಂದ ರೋಲಂಡ್. "ಎದೆಯ ಕಾಯಿಲೆ. ಸೆಪ್ಟೆಂಬರ್ ಕೊನೇಲಿ ಮಲಗಿದೋಳು ಏಳಲಿಲ್ಲ. ಒಳಗೆ ಬನ್ನಿ ಮಾವ. ಚಳಿ ಇದೆ."

ಆ ಮನೆಯಲ್ಲಿ ಅವನನ್ನು ಮಾವ ಎಂದು ಕರೆದದ್ದು ಅದೇ ಮೊದಲು. ಲ್ಯಾಂಟಿ ಒಳಗೆ ಹೋಗಿ ಕೂತ. ಜೇಬಿನಿಂದ ಬೆಣ್ಣೆಯ ಜಾಡಿ ತೆಗೆದು ಮೇಜಿನ ಮೇಲೆ, ರೊಟ್ಟಿಗಳ ಪಕ್ಕದಲ್ಲಿಟ್ಟ. ಮತ್ತೆ ಎತ್ತಿಕೊಂಡು ಮಡಿಲಲ್ಲಿಟ್ಟುಕೊಂಡ.

"ಒಂದು ಮಾತು ಹೇಳಿ ಕಳಿಸ್ಬಹುದಿತ್ತಲ್ಲ."

"ಕಳಿಸ್ತೀನಿ ಅಂದೆ. ಎಷ್ಟು ಸಲ ಅಂದೆ. ಬೇಡ ಅಂದ್ಳು. 'ಕಾಯಿಲೆ ಅಂತ ಕರೆಸಿದ್ರೆ ಅಪ್ಪ ಬರ್ತಾರೆ. ಹಾಗೆ ಬರೋದು ಬೇಡ. ತಾವಾಗೇ ಬರ್ಲಿ' ಅಂದ್ಳು." ರೋಲಂಡ್ ಕೆಟಲನ್ನು ಬೆಂಕಿಯ ಮೇಲೆ ಸರಿಸಿದ. "ನಿಮ್ಮ ಮಗಳೇ ತಾನೆ."

ಕೆಟಲ್ ಕುದಿಯಿತು. ಆಮೇಲೆ ರೋಲಂಡ್, ತನಗೇ ಹೇಳಿಕೊಳ್ಳುವವನ ಹಾಗೆ ಮಾತು ತೆಗೆದ: "ಕುರಿಗಳು ಆ ಕಡೆ ದಾಟಿದ್ದಕ್ಕೆ ಕ್ಷಮಿಸ್ಬೇಕು. ನಾನು ಮೇಲೆ ಹೋಗೋಕೆ ಆಗ್ಲಿಲ್ಲ. ಅವಳನ್ನ ಬಿಟ್ಟು ಹೇಗೆ ಹೋಗ್ಲಿ? ಅದನ್ನ ನೋಡ್ಕೋತಿದ್ದೋಳು ಅವಳೇ."

"ಯಾವುದನ್ನ?"

"ನೆತ್ತೀನ. ದಿನಾ ಹತ್ತೋಳು. ಮಳೆ ಅಂದ್ರೂ ಇಲ್ಲ, ಹಿಮ ಅಂದ್ರೂ ಇಲ್ಲ. ದಾಟೋಕೆ ಹೊರಟ ಒಂದೊಂದನ್ನೂ ತಿರುಗಿಸಿ ಬರೋಳು. 'ಒಂದು ಗೊರಸೂ ಮುಟ್ಟಲ್ಲ ಅಂತ ಅಪ್ಪಂಗೆ ಮಾತು ಕೊಟ್ಟಿದ್ದೀನಿ' ಅನ್ನೋಳು. ಬಿಡೇ, ಒಂದೆರಡು ದಾಟಿದ್ರೆ ಏನಾಗುತ್ತೆ ಅಂದ್ರೆ ನನ್ನ ಮೇಲೇ ಸಿಟ್ಟು. ಆಮೇಲೆ ನೀವು ಕೂಟದಲ್ಲಿ ಕೇಳಿದ್ರಲ್ಲ, ನಿಮ್ಮ ಕುರಿ ಬರೋದೇ ಇಲ್ವಲ್ಲ ಅಂತ? ಅದನ್ನ ಬಂದು ಹೇಳಿದೆ. ಎಷ್ಟು ಖುಷಿ ಪಟ್ಳು ಗೊತ್ತಾ. 'ನೋಡಿದ್ಯಾ, ಅಪ್ಪ ಗಮನಿಸಿದ್ದಾರೆ' ಅಂದ್ಳು. ಅವತ್ತಿಂದ ದಿನಕ್ಕೆ ಎರಡು ಸಲ ಹತ್ತೋಕೆ ಶುರು ಮಾಡಿದ್ಳು."

ಲ್ಯಾಂಟಿಗೆ ಆ ನೇರ ಕಾಲುದಾರಿ ಕಣ್ಣಿಗೆ ಬಂತು. ಗಾಳಿಗೆ ಅಡ್ಡವಾಗಿ ಜೋಡಿಸಿದ ಕಲ್ಲುಗಳು ಬಂದವು. ಅಲ್ಲಿಂದ, ಮಂಜಿಲ್ಲದ ದಿನ, ಥಾರ್ನ್‌ಬೀಲ್ಡಿನ ಚಿಮಣಿ ಕಾಣುತ್ತದೆ ಎಂದು ಅವನಿಗೆ ಆಗ ಹೊಳೆಯಿತು.

ತಾನು ಏಳು ವರ್ಷ ಒಂದು ಕುರಿ ದಾಟಿ ಬರಲಿ ಎಂದು ಕಾದದ್ದನ್ನು ಅವನು ಆ ಸಂಜೆ ರೋಲಂಡ್‌ಗೆ ಹೇಳಲಿಲ್ಲ. ಬಾಯಿಗೆ ಬಂದಿತ್ತು, ನುಂಗಿದ. ಅದನ್ನು ಹೇಳಿದರೆ ಅವಳು ಹತ್ತಿದ ಅಷ್ಟೂ ದಿನಗಳನ್ನು ತಾನು ವ್ಯರ್ಥ ಮಾಡಿದಂತಾಗುತ್ತದೆ, ಈ ಹುಡುಗನಿಗೆ ಅವಳು ಬಿಟ್ಟುಹೋದದ್ದರಲ್ಲಿ ಆ ದಿನಗಳೂ ಸೇರಿವೆ ಎನ್ನಿಸಿತಂತೆ.

ಚಹಾ ಕುಡಿದು ರೋಲಂಡ್ ಕುರಿಯನ್ನು ದೊಡ್ಡಿಗೆ ಕೂಡಲು ಹೋದ. ಲ್ಯಾಂಟಿಯೂ ಹಿಂದೆ ಹೋದ. ಗೇಟಿನಲ್ಲಿ ರೋಲಂಡ್ ಅಭ್ಯಾಸದಂತೆ ಕುರಿಯ ಬೆನ್ನ ಮೇಲೆ ಕೈಯಾಡಿಸಿದ, ಸೊಂಟದ ಹತ್ತಿರ ಬೆರಳಿಂದ ಒತ್ತಿದ. ಕೈ ಅಲ್ಲೇ ನಿಂತಿತು.

"ಇದು ಬೆಟ್ಟದ ಹುಲ್ಲಿನ ಮೈಯಲ್ಲ," ಎಂದ. "ಓಟ್ಸ್ ತಿಂದಿದೆ. ಎಷ್ಟು ದಿನ ಆಯ್ತು ಇದು ಸಿಕ್ಕಿ?"

ಲ್ಯಾಂಟಿ ಸುಳ್ಳು ಹೇಳಬಹುದಿತ್ತು. "ಎರಡು ವಾರದ ಮೇಲಾಯ್ತು," ಎಂದ. "ಸೊರಗಿತ್ತು. ಕುಂಟ್ತಾ ಇತ್ತು. ಹಾಗೇ ತರೋಕೆ ಮನಸ್ಸಾಗಲಿಲ್ಲ. ಅವಳು ಏನಂದ್ಕೋತಾಳೋ ಅಂತ."

ರೋಲಂಡ್ ಅವನ ಕಡೆ ತಿರುಗಲಿಲ್ಲ. ಕುರಿಯ ಬೆನ್ನನ್ನೇ ಸವರುತ್ತಾ ಬಹಳ ಹೊತ್ತು ನಿಂತ.

"ಆಗ ಇದ್ಳು ಮಾವ," ಎಂದ. "ಎದ್ದು ಕೂತ್ಕೋತಿದ್ಳು. ಮಾತಾಡ್ತಿದ್ಳು."

ಅದನ್ನು ಅವನು ಚುಚ್ಚಲು ಹೇಳಲಿಲ್ಲ. ಇದ್ದದ್ದನ್ನು ಹೇಳಿದ. ಲ್ಯಾಂಟಿ ದೊಡ್ಡಿಯ ಗೋಡೆಯ ಮೇಲಿನ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕತ್ತಲಾಗುವವರೆಗೆ ಅಲ್ಲಿಂದ ಕದಲಲಿಲ್ಲ. ರೋಲಂಡ್ ಎರಡು ಸಲ ಬಂದು ಕರೆದ. ಮೂರನೆಯ ಸಲ ಕರೆಯದೆ ಒಂದು ಗೋಣಿತಾಟು ತಂದು ಅವನ ಹೆಗಲಿಗೆ ಹೊದಿಸಿ ಪಕ್ಕದಲ್ಲಿ ನಿಂತ.

ಮರುದಿನ ಬೆಳಿಗ್ಗೆ ಇಬ್ಬರೂ ಕೆಳಗಿನ ಚರ್ಚಿನವರೆಗೆ ನಡೆದರು. ಹೊಸ ಮಣ್ಣಿನ ಮೇಲೆ ಹುಲ್ಲಿನ ಹೆಂಟೆಗಳನ್ನು ಇನ್ನೂ ಜೋಡಿಸಿರಲಿಲ್ಲ. ಲ್ಯಾಂಟಿ ಟೋಪಿ ತೆಗೆದು ನಿಂತ. ಜೌಗಿನುದ್ದಕ್ಕೂ ಗಟ್ಟಿ ಮಾಡಿಕೊಂಡು ಬಂದಿದ್ದ ಮಾತನ್ನು ಅವನು ಅಲ್ಲಿಯೂ ಹೇಳಲಿಲ್ಲ. ಅದು ಬದುಕಿದ್ದವಳಿಗೆ ಮಾಡಿದ ಮಾತು ಎಂದು ಅಜ್ಜಿಗೆ ಹೇಳಿದನಂತೆ. ಬೆಣ್ಣೆಯ ಜಾಡಿಯನ್ನು ರೋಲಂಡನ ಕೈಗೆ ಕೊಟ್ಟು, ಬಂದ ದಾರಿಯಲ್ಲೇ ಹಿಂದಿರುಗಿದ. ನೆತ್ತಿಯಲ್ಲಿ ಅವಳು ತುಳಿದ ದಾರಿಯನ್ನು ಅಡ್ಡ ದಾಟುವಾಗ ಕಾಲಿಡಲಾರದೆ, ಮುದುಕ, ಹಾರಿ ದಾಟಿದ.

ರೋಲಂಡನ ಕಾಗದ ಅವನಿಗಿಂತ ಮುಂಚೆ ಸುತ್ತು ರಸ್ತೆಯಿಂದ ಮನೆ ಮುಟ್ಟಿತ್ತು. ಡೈನಾ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಗೇಟಿನಲ್ಲಿ ನಿಂತಿದ್ದಳು. ಬೈಯಲು ಬಾಯಿ ತೆರೆದವಳು ಅವನ ಮುಖ ನೋಡಿ ಗೇಟು ತೆಗೆದು ಪಕ್ಕಕ್ಕೆ ಸರಿದಳು. ಅವಳ ಜೀವಮಾನದಲ್ಲಿ ತಮ್ಮನನ್ನು ಬೈಯದೆ ಒಳಗೆ ಕರೆದದ್ದು ಅದೊಂದೇ ಸಲವಂತೆ.

ಅದಾದ ಮೇಲೆ ಲ್ಯಾಂಟಿ ಹನ್ನೊಂದು ವರ್ಷ ಬದುಕಿದ. ನೆತ್ತಿ ಕಾಯುವವರು ಇಲ್ಲದೆ ಮಿಕಲ್‌ರಿಗ್‌ನ ಕುರಿಗಳು ಪ್ರತಿ ಋತುವಿನಲ್ಲೂ ದಾಟಿ ಬಂದವು. ಅವನು ಒಂದನ್ನೂ ಇಟ್ಟುಕೊಳ್ಳಲಿಲ್ಲ, ಕೂಟಕ್ಕೆಂದು ಕಾಯಲಿಲ್ಲ. ಸಿಕ್ಕ ದಿನವೇ, ಸೊರಗಿದ್ದರೆ ಸೊರಗಿದಂತೆ, ಕುಂಟುತ್ತಿದ್ದರೆ ಹೆಗಲ ಮೇಲೆ ಹೊತ್ತು, ಬೆಟ್ಟ ಹತ್ತುತ್ತಿದ್ದ. ನಡುವೇಸಿಗೆಯಲ್ಲೂ, ಆಲಿಕಲ್ಲು ಮಳೆಯಲ್ಲೂ. ರೋಲಂಡ್ ಎಷ್ಟೋ ಸಲ ಹೇಳಿದ: "ನಾಳೆ ತಂದ್ರೆ ಆಗಲ್ವಾ ಮಾವ? ಕುರಿ ತಾನೆ, ಎಲ್ಲಿಗೆ ಹೋಗುತ್ತೆ?" ಸೈಮನ್ ಬರೋ ಗೇಟಿನ ಬಳಿ ಪ್ರತಿ ಸಲ 'ಏನು ಆತುರ, ಮಾರಾಯ' ಎಂದು ಕೂಗುತ್ತಿದ್ದ. ಲ್ಯಾಂಟಿ ನಿಲ್ಲದೆ ಹೋಗುತ್ತಿದ್ದ. ಕೊನೆಯ ವರ್ಷ, ಉಸಿರು ಸಾಲದೆ ಅರ್ಧ ದಾರಿಯಲ್ಲಿ ಕೂರಬೇಕಾಗಿ ಬಂದಾಗಲೂ, ಅವನು ಕುರಿಯ ಬೆನ್ನನ್ನು ಮುಟ್ಟಿ ನೋಡುತ್ತಿರಲಿಲ್ಲ. ಸ್ವಲ್ಪ ಸುಧಾರಿಸಿಕೊಂಡು ಎದ್ದು, ಅದನ್ನು ಮುಂದೆ ಬಿಟ್ಟುಕೊಂಡು, ಮತ್ತೆ ನಡೆಯುತ್ತಿದ್ದ.